ಗುಮಾಸ್ತನ ತಲೆಗೆ ಕಟ್ಟಿದ ಹೆಸರು

ಮೊನ್ನೆ ಶನಿವಾರ ರಾತ್ರಿ ‘ದಿ ಗಾಡ್‌ಫಾದರ್ ಭಾಗ 2’ ಮತ್ತೊಮ್ಮೆ ನೋಡಿದೆ. 1974ರ ಸಿನಿಮಾ. ಅದರ ಶುರುವಿನಲ್ಲೇ ಒಂದು ದೃಶ್ಯ ಇದೆಯಲ್ಲ: ಸಿಸಿಲಿಯಿಂದ ಒಬ್ಬನೇ ಬಂದ ಹುಡುಗ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಸಾಲಿನಲ್ಲಿ ನಿಂತಿದ್ದಾನೆ. ಹೆಸರು ಕೇಳಿದರೆ ಬಾಯಿ ಬಿಡುವುದಿಲ್ಲ. ಹೆಸರು ವಿಟೊ ಆಂಡೊಲಿನಿ, ಊರು ಕೊರ್ಲಿಯೋನೆ. ಗುಮಾಸ್ತ ಊರಿನ ಹೆಸರನ್ನೇ ಮನೆತನದ ಹೆಸರು ಅಂತ ಬರೆದುಬಿಡುತ್ತಾನೆ. ಅಲ್ಲಿಗೆ ಆಂಡೊಲಿನಿ ಕಥೆ ಮುಗಿಯಿತು.

ಕೊಪ್ಪೊಲಾ ಇದನ್ನು ಎಷ್ಟು ಚೆನ್ನಾಗಿ ತೆಗೆದಿದ್ದಾರೆ ಅಂದರೆ, ವಲಸಿಗರ ಹೆಸರು ಬದಲಾದದ್ದೇ ಹೀಗೆ ಅಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ನಮ್ಮ ಟೀಮಿನಲ್ಲಿ ಮಿಲ್ಲರ್ ಅನ್ನುವ ಅಮೆರಿಕನ್ ಸಹೋದ್ಯೋಗಿ ಇದ್ದಾರೆ. ಅವರ ಮುತ್ತಜ್ಜ ಜರ್ಮನಿಯಿಂದ ಬರುವಾಗ ಮುಲ್ಲರ್ ಆಗಿದ್ದರಂತೆ, ಎಲ್ಲಿಸ್ ದ್ವೀಪದ ಗುಮಾಸ್ತ ಮಿಲ್ಲರ್ ಮಾಡಿದನಂತೆ. ನನ್ನ ತಕರಾರು ಇರುವುದು ಈ ‘ಅಂತೆ’ಯ ಮೇಲೆ.

ಮುಲ್ಲರ್ ಅಂದರೆ ಹಿಟ್ಟಿನ ಗಿರಣಿಯವನು. ಒಂದೇ ಊರಿನಲ್ಲಿ ನಾಲ್ಕಾರು ಹಾನ್ಸ್‌ಗಳಿದ್ದಾಗ ಯಾವ ಹಾನ್ಸ್ ಅಂತ ಹೇಳಬೇಕಲ್ಲ, ಹಾಗೆ ಮಧ್ಯಯುಗದಲ್ಲಿ ಗಿರಣಿ ಹಾನ್ಸ್, ಕಮ್ಮಾರ ಹಾನ್ಸ್ ಹುಟ್ಟಿಕೊಂಡರು. ಗಿರಣಿ ಇಲ್ಲದೆ ಯಾವ ಸೀಮೆಯ ಹೊಟ್ಟೆಯೂ ತುಂಬುತ್ತಿರಲಿಲ್ಲ. ಅದಕ್ಕೇ ಇವತ್ತಿಗೂ ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಮುಲ್ಲರ್. ಕಾಲಕ್ರಮೇಣ ಕಸುಬು ಹೋಯಿತು, ಹೆಸರು ಮಾತ್ರ ಉಳಿಯಿತು. ಗಿರಣಿ ಹುಡುಗಿಯ ಮೇಲೆ ಪದ್ಯಮಾಲೆ ಬರೆದು, ಅದಕ್ಕೆ ಶೂಬರ್ಟ್‌ನಿಂದ ಸಂಗೀತ ಪಡೆದ ಕವಿ ವಿಲ್‌ಹೆಲ್ಮ್ ಮುಲ್ಲರ್‌ನ ಅಪ್ಪ ದರ್ಜಿ! ಆ ಕವಿಯ ಮಗನೇ ಋಗ್ವೇದ ಸಂಪಾದಿಸಿದ ನಮಗೆಲ್ಲ ಗೊತ್ತಿರುವ ಮ್ಯಾಕ್ಸ್ ಮುಲ್ಲರ್. ಬರೀ ಮುಲ್ಲರ್ ಅಂದರೆ ಗುಂಪಿನಲ್ಲಿ ಗೋವಿಂದ ಆಗುತ್ತೆ ಅಂತ ಅವರು ಮ್ಯಾಕ್ಸ್ ಅನ್ನೂ ಮನೆತನದ ಹೆಸರಿಗೇ ಸೇರಿಸಿಕೊಂಡರು. ಬದಲಿಸಿದ್ದು ಅವರೇ, ಯಾವ ಗುಮಾಸ್ತನೂ ಅಲ್ಲ.

ಇನ್ನೊಂದು ವಿಷಯ. ಜರ್ಮನಿಯ ಉತ್ತರಕ್ಕೆ ಹೋದರೆ ಈ ಹೆಸರು ಮೊಲ್ಲರ್, ದಕ್ಷಿಣದ ಬವೇರಿಯಾ ಕಡೆ ಮಿಲ್ಲರ್. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಕಟ್ಟಿಸಿದ ಎಂಜಿನಿಯರ್ ಆಸ್ಕರ್ ಫಾನ್ ಮಿಲ್ಲರ್ ಹುಟ್ಟಿದ್ದು ಮ್ಯೂನಿಕ್‌ನಲ್ಲೇ. ಅಂದರೆ ಎಷ್ಟೋ ಮಿಲ್ಲರ್‌ಗಳು ಮಿಲ್ಲರ್ ಆಗಿಯೇ ಹಡಗು ಹತ್ತಿರಬಹುದು.

ಹಡಗಿನ ಲೆಕ್ಕವನ್ನೂ ನೋಡಿ. ಜರ್ಮನರ ವಲಸೆ ಉತ್ತುಂಗಕ್ಕೇರಿದ್ದು 1882ರಲ್ಲಿ, ಆ ಒಂದೇ ವರ್ಷ ಸುಮಾರು ಎರಡೂವರೆ ಲಕ್ಷ ಜನ ಬಂದರು. ಎಲ್ಲಿಸ್ ದ್ವೀಪದ ಬಾಗಿಲು ತೆರೆದದ್ದು 1892ರಲ್ಲಿ! ಅಲ್ಲಿಯೂ ಅಧಿಕಾರಿಗಳು ಹೊಸದಾಗಿ ಹೆಸರು ಬರೆಯುತ್ತಿರಲಿಲ್ಲ. ಹಡಗು ಕಂಪನಿಯವರು ಹೊರಡುವ ಬಂದರಿನಲ್ಲೇ ಪಟ್ಟಿ ಮಾಡಿಕೊಡುತ್ತಿದ್ದರು, ಇಲ್ಲಿ ತಾಳೆ ನೋಡುತ್ತಿದ್ದರು, ಅಷ್ಟೆ. ಭಾಷೆ ಬಲ್ಲ ದುಭಾಷಿಗಳೂ ಇದ್ದರು. ಹಾಗಂತ ಗುಮಾಸ್ತರು ಯಾವತ್ತೂ ಹೆಸರು ಕೆಡಿಸಿಲ್ಲ ಅಂತಲ್ಲ. 18ನೇ ಶತಮಾನದ ಫಿಲಡೆಲ್ಫಿಯಾದಲ್ಲಿ ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಜರ್ಮನ್ ಹೆಸರು ಬರೆದದ್ದುಂಟು. ಆದರೆ ಅದು ಬೇರೆ ಕಾಲ.

ಹಾಗಾದರೆ ಬದಲಿಸಿದ್ದು ಯಾರು? ಹೆಚ್ಚಿನ ಸಲ, ಅವರೇ. ರೀಡ್ಲಿಂಗೆನ್‌ನಿಂದ ಬಂದ ಫ್ರೀಡ್ರಿಶ್ ಮುಲ್ಲರ್ 1855ರಲ್ಲಿ ಮಿಲ್ವಾಕಿಯಲ್ಲಿ ಒಂದು ಬ್ರೂವರಿ ಕೊಂಡು ಫ್ರೆಡರಿಕ್ ಮಿಲ್ಲರ್ ಆದ. ಮಿಲ್ಲರ್ ಬಿಯರ್‌ನ ಹೆಸರು ಅವನದೇ. ಅದು ಹೊಸ ನಾಡಿನಲ್ಲಿ ಬದುಕು ಕಟ್ಟುತ್ತಿದ್ದವನ ಹೆಸರು. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದ ಮೇಲೆ ವ್ಯವಹಾರದ ಜಾಗಕ್ಕೆ ಭಯ ಬಂತು. 1918ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ಗಣಿ ಕಾರ್ಮಿಕನನ್ನು ಒಂದು ಗುಂಪು ಮರಕ್ಕೆ ನೇತುಹಾಕಿ ಕೊಂದಿತು. ವಿಚಾರಣೆ ಎದುರಿಸಿದ 11 ಜನರೂ ಖುಲಾಸೆಯಾದರು. ಅಂಥ ದಿನಗಳಲ್ಲಿ ಶ್ಮಿಟ್‌ಗಳು ಸ್ಮಿತ್ ಆದರು, ಮುಲ್ಲರ್‌ಗಳು ಮಿಲ್ಲರ್ ಆದರು. ಮನೆಯ ಬಾಗಿಲು ಹಾಕಿಕೊಂಡು, ಮಕ್ಕಳ ಮುಖ ನೋಡಿ ಮಾಡಿದ ತೀರ್ಮಾನ ಅದು.

ನನಗೆ ಆ ದೃಶ್ಯದ ಮೇಲೆ ಸಿಟ್ಟು ಬರುವುದು ಇಲ್ಲೇ. ವಿಟೊ ಒಬ್ಬನ ಕಥೆಯಾಗಿ ಅದು ಸೊಗಸಾಗಿದೆ. ಆದರೆ ಎಲ್ಲರ ಕಥೆಯೂ ಅದೇ ಅಂದುಕೊಂಡರೆ, ಹೆಸರು ಬಿಟ್ಟವರ ಭಯವೂ ಮರೆತುಹೋಗುತ್ತದೆ, ಬೆದರಿಸಿದ ನೆರೆಹೊರೆಯವರೂ ಮರೆತುಹೋಗುತ್ತಾರೆ. ನಿದ್ದೆಗಣ್ಣಿನ ಒಬ್ಬ ಗುಮಾಸ್ತನ ಮೇಲೆ ಎಲ್ಲವನ್ನೂ ಹೊರಿಸಿ, ಮೊಮ್ಮಕ್ಕಳು ನಕ್ಕು ಸುಮ್ಮನಾಗಬಹುದು.

ನಾನೇನೂ ಕಮ್ಮಿ ಇಲ್ಲ ಬಿಡಿ. ನನ್ನ ಹೆಸರಿಗೆ ಇದ್ದದ್ದು ಊರು ಮತ್ತು ಅಪ್ಪನ ಹೆಸರಿನ ಎರಡು ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಕಾಲಂನಲ್ಲಿ ಅಪ್ಪನ ಹೆಸರು ಟೈಪ್ ಮಾಡಿದೆ. ಈಗ ಕ್ಲೈಂಟ್‌ಗಳು ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಉಳಿದ ಹೆಸರನ್ನು ಕಾಲ್‌ಗಳಲ್ಲಿ ಎರಡಕ್ಷರಕ್ಕೆ ಇಳಿಸಿದ್ದೂ ನಾನೇ. ಯಾರಾದರೂ ಕೇಳಿದರೆ ಮಾತ್ರ “ಫಾರ್ಮ್‌ನಲ್ಲಿ ಹಾಗೇ ಬೇಕಿತ್ತು ಮಾರಾಯ್ರೆ” ಅಂತೀನಿ.

ಸೋಮವಾರದ ಕಾಲ್ ಮುಗಿದ ಮೇಲೆ ಮಿಲ್ಲರ್ ಅವರನ್ನು ಕೇಳಿದೆ, ನಿಮ್ಮ ಮುತ್ತಜ್ಜ ಬಂದದ್ದು ಯಾವ ವರ್ಷ ಅಂತ. ಅವರಿಗೆ ಗೊತ್ತಿರಲಿಲ್ಲ. ಅತ್ತೆಯನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ.