ಅಭಿಚಾರವೂ ರಾಜದಂಡವೂ: ಕೌಟಿಲ್ಯನ ಅರ್ಥಶಾಸ್ತ್ರದ ಒಂದು ಪರಾಮರ್ಶೆ

ಸಿಂಧನೂರು ಲಿಂಗಸುಗೂರುಗಳ ನಡುವಣ ಮಸ್ಕಿಯಲ್ಲಿ ಅಶೋಕನ ಶಾಸನವು ಬೆಳಕಿಗೆ ಬಂದುದು 1915ರಲ್ಲಿ. ಚಿನ್ನದ ಗಣಿಕೆಲಸಕ್ಕೆ ಸಂಬಂಧಪಟ್ಟ ಬೀಡನ್ ಎಂಬ ಇಂಜಿನಿಯರು ಅದನ್ನು ಕಂಡುಹಿಡಿದರು, ಎಚ್. ಕೃಷ್ಣಶಾಸ್ತ್ರಿಗಳು ಪರಿಷ್ಕರಿಸಿ ಪ್ರಕಟಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದವು ಪುಸ್ತಕರೂಪವನ್ನು ತಾಳಿದುದೂ ಅದೇ ವರ್ಷದಲ್ಲಿಯೇ. ಅಂದಿನಿಂದ ಈ ಎರಡನ್ನೂ ಮೌರ್ಯರಾಜ್ಯದ ಸಾಕ್ಷ್ಯಗಳೆಂದು ಜೊತೆಗೂಡಿಸಿ ಓದುವ ರೂಢಿ ಬೆಳೆಯಿತು. ಆದರೆ ಅರ್ಥಶಾಸ್ತ್ರದ ಈಗಿನ ರೂಪವು ಅಶೋಕನ ಕಾಲಕ್ಕಿಂತ ಈಚಿನದೆಂದು ಇಂದು ಹಲವು ವಿದ್ವಾಂಸರು ಎಣಿಸುವುದರಿಂದ, ಮಸ್ಕಿಯ ಜನರು ಆ ಗ್ರಂಥದ ವಿಧಿಗಳಿಗೆ ಒಳಪಟ್ಟಿದ್ದರೆಂದು ಹೇಳಲಾಗದು. ಇವೆರಡರ ಹೋಲಿಕೆಯಿಂದ ದೊರೆಯುವ ಪ್ರಯೋಜನವು ಬೇರೆ: ಮಂತ್ರತಂತ್ರಗಳ ವಿಷಯದಲ್ಲಿ ಅರಸನಾದವನು ಹಿಡಿಯಬಹುದಾದ ಎರಡು ಮಾರ್ಗಗಳು ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಕೌಟಿಲ್ಯನು ಮಾಟಮಂತ್ರಗಳನ್ನು ನಂಬಿದ್ದನೇ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳುಂಟು. ಅವನು ಜನರ ಮೂಢತೆಯನ್ನು ಬಳಸಿಕೊಂಡ ಶುದ್ಧ ವಿಚಾರವಾದಿಯೆಂಬುದು ಒಂದು. ಔಪನಿಷದಿಕಾಧಿಕರಣದ ಯೋಗಗಳನ್ನು ನೋಡಿ, ಅವನೂ ತನ್ನ ಕಾಲದ ನಂಬಿಕೆಗೆ ಅಧೀನನಾಗಿದ್ದನೆಂಬುದು ಇನ್ನೊಂದು. ಗ್ರಂಥದ ಪ್ರಕರಣಗಳನ್ನು ಒಂದರ ಪಕ್ಕದಲ್ಲೊಂದನ್ನಿರಿಸಿ ಪರಿಶೀಲಿಸಿದರೆ ಈ ಪ್ರಶ್ನೆಯೇ ಗೌಣವೆಂದು ತೋರುತ್ತದೆ. ಮಂತ್ರವು ಫಲಿಸುವುದೋ ಇಲ್ಲವೋ ಎಂಬುದಕ್ಕಿಂತ ಅದು ಯಾರ ಕೈಯಲ್ಲಿದೆ ಎಂಬುದೇ ಅಲ್ಲಿ ಮುಖ್ಯವಾಗಿದೆ.

ನಾಲ್ಕನೆಯದಾದ ಕಂಟಕಶೋಧನಾಧಿಕರಣದಲ್ಲಿ ಮಾಟಗಾರನು ಅಪರಾಧಿ. ವಶೀಕರಣ ಮಾಡುವನೆಂಬ ಶಂಕೆಗೊಳಗಾದವನ ಬಳಿಗೆ ಗೂಢಚಾರನು ಹೋಗಿ, ಪರಸ್ತ್ರೀಯೊಬ್ಬಳನ್ನು ತನಗೆ ವಶಮಾಡಿಕೊಡೆಂದು ಹಣವನ್ನೊಡ್ಡುತ್ತಾನೆ. ಅವನು ಒಪ್ಪಿ ಹಾಗೆ ಮಾಡಿದರೆ ದೇಶಭ್ರಷ್ಟನಾಗುತ್ತಾನೆ. ಕೃತ್ಯೆ, ಅಭಿಚಾರಗಳನ್ನು ಮಾಡುವವರಿಗೂ ಇದೇ ಕ್ರಮ. ಮಂತ್ರವು ಫಲಿಸಿತೆಂದು ಇಲ್ಲಿ ಯಾರೂ ಸಿದ್ಧಪಡಿಸಬೇಕಾಗಿಲ್ಲ. ಅದೇ ಅಧಿಕರಣದ ಕೊನೆಯಲ್ಲಿ, ಅಭಿಚಾರದಿಂದ ಪರರಿಗೆ ಯಾವ ಹಾನಿಯನ್ನುಂಟುಮಾಡಿದನೋ ಅದನ್ನೇ ಅವನಿಗೂ ಉಂಟುಮಾಡಬೇಕೆಂಬ ವಿಧಿಯಿದೆ. ಉದ್ದೇಶಕ್ಕೊಂದು ದಂಡ, ಪರಿಣಾಮಕ್ಕೊಂದು ದಂಡ ಎಂಬ ಈ ವಿವೇಚನೆ ಸೂಕ್ಷ್ಮವಾದುದು. ಮನುಸ್ಮೃತಿಯು ಅಭಿಚಾರಕ್ಕೆ ಇನ್ನೂರು ಪಣಗಳ ದಂಡವನ್ನು ಮಾತ್ರ ಹೇಳಿ, ಬೇರೊಂದೆಡೆ ಬ್ರಾಹ್ಮಣನು ತನ್ನ ಶತ್ರುಗಳ ಮೇಲೆ ಅಥರ್ವಮಂತ್ರಗಳನ್ನು ಪ್ರಯೋಗಿಸಬಹುದೆಂದು ಅನುಮತಿಯನ್ನೀಯುತ್ತದೆ.

ಆದರೆ ಐದನೆಯ ಅಧಿಕರಣಕ್ಕೆ ಬಂದೊಡನೆ ಪಾತ್ರಗಳು ತಿರುವುಮುರುವಾಗುತ್ತವೆ. ಬೊಕ್ಕಸವನ್ನು ತುಂಬುವ ಉಪಾಯಗಳ ನಡುವೆ, ಸಿದ್ಧನ ವೇಷದ ಚಾರನು ರಾಜದ್ರೋಹಿಯೆನಿಸಿದವನಿಗೆ ಅಕ್ಷಯವಾದ ಹೊನ್ನು, ರಾಜದ್ವಾರ ಪ್ರವೇಶ, ಶತ್ರುವಿಗೆ ವ್ಯಾಧಿ ಮೊದಲಾದುವನ್ನು ಸಾಧಿಸಿಕೊಡುವೆನೆಂದು ಆಸೆ ತೋರಿಸಿ, ರಾತ್ರಿಯಲ್ಲಿ ಚೈತ್ಯದ ಬಳಿ ಬಲಿಕರ್ಮಕ್ಕೆ ತೊಡಗಿಸುತ್ತಾನೆ. ಕೊನೆಗೆ ಆ ಮನುಷ್ಯನು ಹಣದೊಡನೆ ಸೆರೆಸಿಕ್ಕುತ್ತಾನೆ. ಹದಿಮೂರನೆಯ ಅಧಿಕರಣದಲ್ಲಿ ನಾನೂರು ವರ್ಷ ವಯಸ್ಸಿನವನೆಂದು ಹೇಳಿಕೊಳ್ಳುವ ಕಪಟತಾಪಸನು ಶತ್ರುರಾಜನನ್ನು ಕೋಟೆಯಿಂದ ಹೊರಸೆಳೆಯುತ್ತಾನೆ. ನಾಲ್ಕನೆಯ ಅಧಿಕರಣದಲ್ಲಿಯೂ, ದೈವಾಪತ್ತುಗಳಿಗೆ ಪ್ರತೀಕಾರ ಮಾಡಬಲ್ಲ ಮಾಯಾಯೋಗಜ್ಞರನ್ನು ಅರಸನು ಗೌರವಿಸಿ ನಾಡಿನಲ್ಲಿರಿಸಿಕೊಳ್ಳಬೇಕೆಂದಿದೆ. ಪ್ರಜೆಯಲ್ಲಿ ದ್ರೋಹವೆನಿಸಿದ ವಿದ್ಯೆಯು ಅರಸನಲ್ಲಿ ನೀತಿಯೆನಿಸಿತು.

ದೂಷ್ಯರು, ಅಧಾರ್ಮಿಕರು ಇವರ ಮೇಲಲ್ಲದೆ ಇತರರ ಮೇಲೆ ಧನಸಂಗ್ರಹದ ಈ ಉಪಾಯಗಳು ಸಲ್ಲವೆಂದು ಕೌಟಿಲ್ಯನು ಎಚ್ಚರಿಸಿರುವುದು ನಿಜ. ಆದರೆ ದೂಷ್ಯನಾರೆಂದು ನಿರ್ಣಯಿಸುವವನು ಅರಸನೇ. ಅಪರಾಧವನ್ನು ನಿರ್ಮಿಸುವವನೂ ಅವನ ಚಾರನೇ. ಈ ಸಂಕಟವು ಒಂದು ದೇಶದ್ದಲ್ಲ. 1441ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನ ಡಚೆಸ್ ಎಲಿನರ್ ಕಾಭಮ್ ಆರನೆಯ ಹೆನ್ರಿಯ ಮರಣಕ್ಕಾಗಿ ಮಾಟ ಮಾಡಿಸಿದಳೆಂಬ ಆರೋಪಕ್ಕೆ ಸಿಕ್ಕಿ, ಸಾಯುವವರೆಗೂ ಸೆರೆಯಲ್ಲಿದ್ದಳು. ಆ ಆರೋಪದಿಂದ ಲಾಭವಾದುದು ಅವಳ ಪತಿಯ ರಾಜಕೀಯ ವಿರೋಧಿಗಳಿಗೆ.

ಈ ಭಯದ ಇನ್ನೊಂದು ಮುಖವನ್ನು ಹನ್ನೆರಡನೆಯ ಶತಮಾನದ ಕಲ್ಹಣನ ರಾಜತರಂಗಿಣಿಯಲ್ಲಿ ಕಾಣಬಹುದು. ಕಾಶ್ಮೀರದ ಗೋಪಾಲವರ್ಮನು ಬೊಕ್ಕಸದ ಲೆಕ್ಕವನ್ನು ವಿಚಾರಿಸತೊಡಗಲು, ಕೋಶಾಧ್ಯಕ್ಷನಾದ ಪ್ರಭಾಕರದೇವನು ತನ್ನ ಬಂಧು ರಾಮದೇವನಿಂದ ಅಭಿಚಾರ ಮಾಡಿಸಿ ಅವನನ್ನು ಕೊಲ್ಲಿಸಿದನೆಂದು ಕವಿಯು ಹೇಳುತ್ತಾನೆ. ಕಲ್ಹಣನಿಗೆ ಇದು ನಡೆದ ಕೊಲೆ. ಕೌಟಿಲ್ಯನಿಗಾದರೋ ಇಂತಹ ಸಂಗತಿಯು ಉಪಯೋಗಿಸಬಹುದಾದ ಸಾಧನ. ಇತಿಹಾಸಕಾರನಲ್ಲಿರುವ ಮರುಕವು ಶಾಸ್ತ್ರಕಾರನ ಗದ್ಯದಲ್ಲಿಲ್ಲ. ವಂಚನೆಯನ್ನೂ ತೆರಿಗೆಯನ್ನೂ ಒಂದೇ ಧ್ವನಿಯಲ್ಲಿ ವಿಧಿಸುವ ಆ ಗದ್ಯದ ಸಮತ್ವವು ಶೈಲಿಯ ಗುಣವೆಂದು ಪ್ರಶಂಸಿತವಾಗಿದೆ; ಓದುಗನ ನೈತಿಕ ಎಚ್ಚರವನ್ನು ಮಂಕುಗೊಳಿಸುವುದೂ ಅದೇ.

ಮಸ್ಕಿಯ ಬಂಡೆಯ ಮಾತು ಬೇರೆ ಬಗೆಯದು. ಹಿಂದೆ ಬೆರೆಯದಿದ್ದ ದೇವತೆಗಳು ಈಗ ಮನುಷ್ಯರೊಡನೆ ಬೆರೆತಿರುವರೆಂದೂ, ಈ ಫಲವು ಧರ್ಮದಲ್ಲಿ ನಿರತನಾದ ಕ್ಷುದ್ರನಿಗೂ ಲಭ್ಯವೆಂದೂ ಅರಸನು ಅಲ್ಲಿ ಸಾರುತ್ತಾನೆ. ಅಲೌಕಿಕವನ್ನು ಅವನೂ ಆಶ್ರಯಿಸಿದ್ದಾನೆ. ಆದರೆ ಅದನ್ನು ಗುಟ್ಟಾಗಿರಿಸದೆ ಎಲ್ಲರಿಗೂ ತೆರೆದಿಟ್ಟಿದ್ದಾನೆ. ಒಂಬತ್ತನೆಯ ಬಂಡೆಶಾಸನದಲ್ಲಿ ಜನರ ಮಂಗಲಾಚರಣೆಗಳನ್ನು ಅಲ್ಪಫಲದವೆಂದು ಕರೆದರೂ ಅವಕ್ಕೆ ದಂಡವನ್ನು ವಿಧಿಸುವುದಿಲ್ಲ.

ಕರ್ನಾಟಕವು 2017ರಲ್ಲಿ ಅಂಗೀಕರಿಸಿದ ವಾಮಾಚಾರ ನಿಷೇಧದ ಅಧಿನಿಯಮದಲ್ಲಿ ರಕ್ಷಿಸಲ್ಪಡುವುದು ಅರಸನ ಪ್ರಾಣವಲ್ಲ, ಸಾಮಾನ್ಯ ಮನುಷ್ಯನ ದೇಹ ಮತ್ತು ಮಾನ. ಈ ವ್ಯತ್ಯಾಸವನ್ನು ಮನಗಾಣಬೇಕಾದರೆ ಅರ್ಥಶಾಸ್ತ್ರವನ್ನು ಬಿಡಿಬಿಡಿಯಾಗಿ ಪಾಠಹೇಳುವ ಪದ್ಧತಿ ಸಾಲದು. ನಾಲ್ಕನೆಯ ಅಧಿಕರಣದ ನ್ಯಾಯವನ್ನು ಮೆಚ್ಚುವ ವಿದ್ಯಾರ್ಥಿಯು ಐದನೆಯದನ್ನೂ ಅದರೊಡನೆಯೇ ಓದಬೇಕು.