ಗೆರೆ ಯಾರದು?

ಅಮೂರ್ತ ಚಿತ್ರಗಳನ್ನು ‘ಆಧರಿಸಿ’ ಕೈಯಲ್ಲಿ ನೇಯ್ದ ಉಣ್ಣೆಯ ಹಾಸುಗಳು ಎನ್ನುವಾಗ ಆ ‘ಆಧರಿಸಿ’ ಎಂಬ ಪದವನ್ನು ನಾವು ಸಲೀಸಾಗಿ ದಾಟಿಬಿಡುತ್ತೇವೆ. ಚಿತ್ರ ಮೊದಲು, ನೇಯ್ಗೆ ಆಮೇಲೆ. ಚಿತ್ರಕಾರ ಯೋಚಿಸಿದ, ನೇಯುವವಳು ಪಾಲಿಸಿದಳು ಎಂಬ ಮೇಲುಕೀಳು ಅದರಲ್ಲಿ ಅಡಗಿದೆ. ಅಮೆರಿಕದ ಅಮೂರ್ತ ಚಿತ್ರಕಾರ ಕೆನೆತ್ ನೋಲ್ಯಾಂಡ್‌ನ ವಿನ್ಯಾಸಗಳನ್ನು ನವಾಹೊ ಮಹಿಳೆಯರು ನೇಯ್ದ ಪ್ರಸಂಗವನ್ನು ಗಮನಿಸಿದರೆ ಈ ಲೆಕ್ಕ ತಪ್ಪುತ್ತದೆ.

1970ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದವರು ನ್ಯೂಯಾರ್ಕಿನ ಗ್ಲೋರಿಯಾ ರಾಸ್. ಅವರು ಹೆಲೆನ್ ಫ್ರಾಂಕೆಂಥಾಲರ್ ಎಂಬ ಚಿತ್ರಕಲಾವಿದೆಯ ಅಕ್ಕ. 1952ರಲ್ಲಿ ಫ್ರಾಂಕೆಂಥಾಲರ್ ನೀರಾಗಿಸಿದ ಬಣ್ಣವನ್ನು ಲೇಪವಿಲ್ಲದ ಕ್ಯಾನ್ವಾಸಿಗೆ ಕುಡಿಸಿದ್ದರು. ಮರುವರ್ಷ ಅದನ್ನು ಅವರ ಸ್ಟುಡಿಯೋದಲ್ಲಿ ನೋಡಿದ ನೋಲ್ಯಾಂಡ್ ಅದೇ ದಾರಿ ಹಿಡಿದ. ಬಣ್ಣ ಬಟ್ಟೆಯ ಮೇಲೆ ಕೂರದೆ ಬಟ್ಟೆಯೊಳಗೇ ಇಳಿಯಬೇಕು ಎಂಬುದು ಈ ಚಿತ್ರಕಾರರ ಹಂಬಲ. ನೇಯುವವಳಿಗಾದರೋ ಅದು ದಿನದ ಕೆಲಸ. ನವಾಹೊ ನೇಯ್ಗೆಯಲ್ಲಿ ಬಣ್ಣದ ಹೊಕ್ಕು ಹಾಸನ್ನು ಪೂರ್ತಿ ಮುಚ್ಚುತ್ತದೆ. ಕೆಂಪು ಪಟ್ಟಿಯ ನೂಲನ್ನು ಬಿಚ್ಚಿದರೆ ಅಲ್ಲಿ ಬಟ್ಟೆಯೇ ಉಳಿಯುವುದಿಲ್ಲ. ‘ಹಾಸುಹೊಕ್ಕು’ ಎಂದು ನಾವು ರೂಪಕವಾಗಿ ಆಡುವ ಮಾತು ಇಲ್ಲಿ ಅಕ್ಷರಶಃ ನಿಜ.

ಗೆರೆಗಳ ಕಥೆಯೂ ಹೀಗೆಯೇ. ಬಿಳಿ, ಕಂದು, ನೀಲಿ ಅಡ್ಡಪಟ್ಟಿಗಳಷ್ಟೇ ಇರುವ ಕಂಬಳಿಗಳನ್ನು ನವಾಹೊ ಮಹಿಳೆಯರು 19ನೇ ಶತಮಾನದ ಮೊದಲರ್ಧದಲ್ಲೇ ನೇಯುತ್ತಿದ್ದರು. 1864ರಲ್ಲಿ ಅಮೆರಿಕದ ಸೇನೆ ಅವರನ್ನು ನೆಲದಿಂದ ಎಬ್ಬಿಸಿ ನೂರಾರು ಮೈಲಿ ನಡೆಸಿತು. 1868ರಲ್ಲಿ ಮರಳಿದ ಮೇಲೂ ಮಗ್ಗ ನಿಲ್ಲಲಿಲ್ಲ. 1972ರಲ್ಲಿ ಲಾಸ್ ಏಂಜಲೀಸ್‌ನ ಕೌಂಟಿ ಮ್ಯೂಸಿಯಂ ನವಾಹೊ ಕಂಬಳಿಗಳ ದೊಡ್ಡ ಪ್ರದರ್ಶನ ನಡೆಸಿದಾಗ ಹೆಸರಾಂತ ಅಮೂರ್ತ ಕಲಾವಿದರೂ ತಮ್ಮ ಸಂಗ್ರಹದಿಂದ ಕಂಬಳಿಗಳನ್ನು ಕೊಟ್ಟರು. ಗೌರವ ಸಿಕ್ಕಿತು, ನಿಜ. ಆದರೆ ಆಧುನಿಕ ಚಿತ್ರದಂತಿವೆ ಎಂದು ಆ ಕಂಬಳಿಗಳನ್ನು ಮೆಚ್ಚುವುದು, ಹಿರಿಯರನ್ನು ಕಿರಿಯರ ಹೋಲಿಕೆಯಿಂದ ಹೊಗಳಿದ ಹಾಗೆ.

ಹಾಗೆಂದು ರಾಸ್ ಅವರ ಯೋಜನೆಯನ್ನು ಬರೀ ಎರವಲು ಎಂದು ತಳ್ಳಿಹಾಕುವುದೂ ಸರಿಯಲ್ಲ. ವಿನ್ಯಾಸವನ್ನು ಮನಸ್ಸಿನಲ್ಲಿ ಹೊತ್ತು ನೇಯುವ ಪರಂಪರೆಯವಳಿಗೆ ಇನ್ನೊಬ್ಬರ ಕಾಗದವನ್ನು ಎದುರಿಟ್ಟುಕೊಳ್ಳುವುದು ಒಂದು ಕಟ್ಟು. ಆದರೆ ಕಾಗದ ಎಲ್ಲವನ್ನೂ ಹೇಳುವುದಿಲ್ಲ. ಮಗ್ಗ ಬಲ್ಲದ್ದು ನೇರ ಮತ್ತು ಅಡ್ಡ ಮಾತ್ರ. ಓರೆಗೆರೆ ಅಲ್ಲಿ ಸಣ್ಣ ಸಣ್ಣ ಮೆಟ್ಟಿಲುಗಳಾಗುತ್ತದೆ. ಪ್ರತಿ ಮೆಟ್ಟಿಲಿಗೆ ಎಷ್ಟು ಎಳೆ, ಬಣ್ಣ ಎಲ್ಲಿ ತಿರುಗಬೇಕು ಎಂಬುದು ಕೈ ಮಾಡುವ ತೀರ್ಮಾನ. ನೇಯ್ಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಚಿತ್ರಕಾರ ತಪ್ಪಿನ ಮೇಲೆ ಇನ್ನೊಂದು ಬಣ್ಣ ಬಳಿಯಬಹುದು, ಇವಳು ಬಿಚ್ಚಲೇಬೇಕು.

ಸಾಹಿತ್ಯದ ಓದುಗರಿಗೆ ಇದು ಹೊಸ ಸಮಸ್ಯೆಯಲ್ಲ. ಒಳ್ಳೆಯ ಅನುವಾದವನ್ನು ನಾವು ಮೂಲದ ನೆರಳೆಂದು ಓದುವುದಿಲ್ಲ. ಅನುವಾದಕಿಯ ಭಾಷೆಯನ್ನೂ ಕೇಳಿಸಿಕೊಳ್ಳುತ್ತೇವೆ. ಹಳೆಯ ಪಟ್ಟಿಗಂಬಳಿಗಳನ್ನು ನೇಯ್ದವರ ಹೆಸರು ಬಹುಪಾಲು ಉಳಿದಿಲ್ಲ. ನೋಲ್ಯಾಂಡ್ ವಿನ್ಯಾಸಗಳ ಮಟ್ಟಿಗೆ ಮೇರಿ ಲೀ ಬಿಗೇ ಅವರಂಥವರ ಹೆಸರು ದಾಖಲಾಗಿದೆ. ಹೆಸರು ದಾಖಲಾದರೆ ಸಾಲದು, ವಿಮರ್ಶೆ ಅದನ್ನು ಬಳಸಬೇಕು. ಗೆರೆ ಎಲ್ಲಿ ಹುಟ್ಟಿತು ಎಂದು ಕೇಳುವಷ್ಟೇ ಆಸ್ಥೆಯಿಂದ, ಉಣ್ಣೆಯಲ್ಲಿ ಅದು ಯಾರ ಕೈಯಿಂದ ಏನಾಯಿತು ಎಂದು ಕೇಳಬೇಕು. ಆಗ ‘ಆಧರಿಸಿ’ ಎಂಬ ಪದದ ಭಾರ ಎರಡೂ ಕಡೆಗೆ ಹಂಚಿಕೆಯಾಗುತ್ತದೆ.