ಪ್ಲಸ್ ಚಿಹ್ನೆ ಎಲ್ಲಿದೆ?

ಜಾವಾ ಕೋಡ್ ಓದುವಾಗ ನನ್ನ ಕಣ್ಣು ಮೊದಲು ಹುಡುಕುವುದು ಲೂಪಿನೊಳಗೆ ಕೂತ ಪ್ಲಸ್ ಚಿಹ್ನೆಯನ್ನು. ಪಠ್ಯ ಕಟ್ಟುವ ಕೆಲಸದಲ್ಲಿ ಬರೆದವರ ಕೈಗುಣ ತಿಳಿಯುವುದು ಅಲ್ಲೇ.

ಜಾವಾದಲ್ಲಿ ಸ್ಟ್ರಿಂಗ್ ಒಮ್ಮೆ ಹುಟ್ಟಿದರೆ ಮುಗಿಯಿತು, ಅದರ ಒಂದಕ್ಷರವನ್ನೂ ತಿದ್ದಲಾಗದು. ಕೊನೆಗೆ ಏನಾದರೂ ಸೇರಿಸಬೇಕೆಂದರೆ ಹಳೆಯದನ್ನು ಪೂರ್ತಿ ನಕಲಿಸಿ ಹೊಸದೊಂದನ್ನು ಮಾಡಬೇಕು. ಒಂದು ಹೂ ಹೆಚ್ಚಿಸಲು ಇಡೀ ಮಾಲೆ ಬಿಚ್ಚಿ ಮತ್ತೆ ಕಟ್ಟಿದ ಹಾಗೆ. ಗ್ರಂಥಾಲಯವೊಂದರ 10,000 ಪುಸ್ತಕಗಳ ಪಟ್ಟಿ ಎಂದಿಟ್ಟುಕೊಳ್ಳಿ, ಸಾಲಿಗೆ 20 ಅಕ್ಷರ. ಮುಗಿದ ಪಟ್ಟಿಯಲ್ಲಿರುವುದು 2 ಲಕ್ಷ ಅಕ್ಷರ. ಲೂಪಿನಲ್ಲಿ ಪ್ಲಸ್ ಹಾಕುತ್ತ ಹೋದರೆ ಯಂತ್ರ ನಕಲಿಸುವುದು ಸುಮಾರು 100 ಕೋಟಿ ಅಕ್ಷರ! ಪಟ್ಟಿ ಇಮ್ಮಡಿಯಾದರೆ ಈ ದುಡಿಮೆ ನಾಲ್ಕು ಪಟ್ಟು.

ಇಂಥ ಕೆಲಸಕ್ಕೆಂದೇ 2004ರ ಜಾವಾ 5ರಲ್ಲಿ ಸ್ಟ್ರಿಂಗ್‌ಬಿಲ್ಡರ್ ಬಂತು. ಅದಕ್ಕೂ ಹಳೆಯ ಸ್ಟ್ರಿಂಗ್‌ಬಫರ್, ಹಲವು ಥ್ರೆಡ್‌ಗಳು ಒಟ್ಟಿಗೆ ಕೈಹಾಕಿದರೂ ಕೆಡದಿರಲೆಂದು ಪ್ರತಿ ಸಲವೂ ಬೀಗ ಹಾಕಿ ತೆಗೆಯುತ್ತದೆ. ಒಂದೇ ಥ್ರೆಡ್ಡಿನ ಕೆಲಸಕ್ಕೆ ಆ ಬೀಗ ಬೇಡ. ಬಿಲ್ಡರ್ ಶುರುವಿನಲ್ಲಿ 16 ಅಕ್ಷರಗಳ ಜಾಗ ಹಿಡಿಯುತ್ತದೆ, ತುಂಬಿದಾಗಲೆಲ್ಲ ಅದನ್ನು ಇಮ್ಮಡಿಗಿಂತ ತುಸು ಹೆಚ್ಚು ಮಾಡಿಕೊಳ್ಳುತ್ತದೆ. ನಮ್ಮ ಪಟ್ಟಿಗೆ ಹದಿನಾಲ್ಕು ಸಲ ಹಿಗ್ಗಿದರೆ ಸಾಕು. ಒಟ್ಟು ಅಳತೆ ಗೊತ್ತಿದ್ದರೆ ಮೊದಲೇ ಹೇಳಿಬಿಡಿ, ಅಷ್ಟು ಶ್ರಮವೂ ಉಳಿಯುತ್ತದೆ.

ಹಾಗಂತ ಪ್ಲಸ್ಸನ್ನೇ ಬಹಿಷ್ಕರಿಸುವವರನ್ನು ನಾನು ಒಪ್ಪುವುದಿಲ್ಲ. ಹೆಸರು, ಊರು, ಪಿನ್‌ಕೋಡನ್ನು ಒಂದು ಸಾಲಿನಲ್ಲಿ ಜೋಡಿಸಲು ಬಿಲ್ಡರ್ ಎಳೆದು ತಂದರೆ ಓದುವವರಿಗೆ ತೊಡಕು, ವೇಗವೂ ಹೆಚ್ಚುವುದಿಲ್ಲ. ಒಂದೇ ಸಾಲಿನ ಪ್ಲಸ್‌ಗಳನ್ನು ಕಂಪೈಲರ್ ತಾನೇ ಚೆನ್ನಾಗಿ ನಿಭಾಯಿಸುತ್ತದೆ. 2017ರ ಜಾವಾ 9ರಿಂದೀಚೆಗಂತೂ ಹೇಗೆ ಜೋಡಿಸಬೇಕೆಂಬುದು ಕೋಡ್ ಓಡುವ ಹೊತ್ತಿಗೇ ತೀರ್ಮಾನವಾಗುತ್ತದೆ. ಆದರೆ ಲೂಪಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಬೆಳೆಯುತ್ತ ಹೋಗುವ ಸ್ಟ್ರಿಂಗಿಗೆ ಈ ಜಾಣ್ಮೆ ನೆರವಾಗುವುದಿಲ್ಲ. ಅಲ್ಪವಿರಾಮವಿಟ್ಟು ಸಾಲಾಗಿ ಜೋಡಿಸುವುದಷ್ಟೇ ಆದರೆ ಜಾವಾ 8ರಲ್ಲಿ ಬಂದ ಜಾಯಿನ್ ಇದೆ.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಜಾವಾ 9ರಿಂದ ಬರೀ ಇಂಗ್ಲಿಷಿನ ಸ್ಟ್ರಿಂಗಿಗೆ ಅಕ್ಷರಕ್ಕೆ ಒಂದೇ ಬೈಟ್ ಸಾಕಾಗುತ್ತದೆ. ನಡುವೆ ಒಂದೇ ಒಂದು ಕನ್ನಡದ ಅಕ್ಷರ ಬಂದರೂ ಇಡೀ ಸ್ಟ್ರಿಂಗ್ ಎರಡು ಬೈಟ್‌ಗಳ ಲೆಕ್ಕಕ್ಕೆ ಹೋಗುತ್ತದೆ. ‘ಕನ್ನಡ’ ಎಂಬುದು ನಮಗೆ ಮೂರಕ್ಷರ, ಒತ್ತನ್ನು ಬಿಡಿಸಿ ಎಣಿಸುವ ಜಾವಾಕ್ಕೆ ಐದು. ಬಿಲ್ಡರ್‌ಗೆ ಜಾಗ ಕಾದಿರಿಸುವಾಗ ಕಣ್ಣಳತೆ ಬಿಟ್ಟು ಲೆಂಗ್ತ್ ಕೊಡುವ ಸಂಖ್ಯೆಯನ್ನೇ ಹಿಡಿಯಿರಿ.